ಕ್ಯಾತ್ಸಂದ್ರದಿಂದ ಗೋವಾಕ್ಕೆ ಬಿಟ್ಟಿ ಟಿಕೇಟು

ಬೆಂಗಳೂರಿನಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಎಂಥ ನಿದ್ದೆಬುರುಕರಾದರೂ ಕ್ಯಾತ್ಸಂದ್ರ ಬಂದಾಗ ಒಮ್ಮೆ ಕಣ್ಣು ಬಿಡುತ್ತಾರೆ. ಟೋಲ್ ಗೇಟಿನಲ್ಲಿ ಬಸ್ಸು ಮುಗ್ಗರಿಸಿದಂತೆ ನಿಧಾನವಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ತಟ್ಟೆ ಇಡ್ಲಿ. ಬೆಳಗಿನ ಹೊತ್ತು ರಸ್ತೆ ಬದಿಯ ಹೋಟೆಲುಗಳಲ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಆವಿ ಬಾಗಿಲವರೆಗೂ ಬರುತ್ತದೆ. ತಟ್ಟೆಯಷ್ಟೇ ಅಗಲದ ಇಡ್ಲಿ, ಮೇಲೆ ಕರಗುತ್ತಿರುವ ಒಂದು ಮುದ್ದೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಬಿಡದಿಯವರು ತಮ್ಮದೇ ಮೇಲೆನ್ನುತ್ತಾರೆ. ಎನ್ನಲಿ ಬಿಡಿ, ಆ ಜಗಳ ಇವತ್ತು ಬೇಡ.

ಊರೇನೂ ದೊಡ್ಡದಲ್ಲ. ಬೆಳೆಯುತ್ತ ಬಂದ ತುಮಕೂರು ಅದನ್ನು ತನ್ನೊಳಗೇ ಸೇರಿಸಿಕೊಂಡಿದೆ. ಹಿರೇಹಳ್ಳಿ ದಾಟಿದ ಮೇಲೆ, ತುಮಕೂರಿಗೆ ಮೊದಲು, ಒಂದು ಪುಟ್ಟ ರೈಲು ನಿಲ್ದಾಣವಿದೆ. ಆಚೆ ದೇವರಾಯನದುರ್ಗದ ಬೆಟ್ಟದ ಸಾಲು. ಹೊರಗಿನವರು ಇಲ್ಲಿ ಇಳಿಯುವುದು ಹೆಚ್ಚಾಗಿ ಸಿದ್ಧಗಂಗೆಗಾಗಿ. 2019ರ ಜನವರಿ 21ರಂದು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಕಟ್ಟಿ ಬೆಳೆಸಿದ ಆ ಮಠದಲ್ಲಿ ಈಗಲೂ ಸಾವಿರಾರು ಮಕ್ಕಳು ಉಂಡು, ಓದಿ ಬೆಳೆಯುತ್ತಾರೆ. ಅಲ್ಲಿ ಅದನ್ನು ಉಚಿತ ಊಟ ಎನ್ನುವುದಿಲ್ಲ, ದಾಸೋಹ ಎನ್ನುತ್ತಾರೆ. ಯಾರೋ ಮೂಟೆ ಹೊತ್ತು ತಂದು ಕೊಟ್ಟದ್ದು ಇದು ಎಂಬುದು ಪಂಕ್ತಿಯಲ್ಲಿ ಕುಳಿತ ಹುಡುಗನಿಗೂ ಗೊತ್ತು.

ನಾನು ಈ ಊರಿನವನು, ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು. ಹೋದ ವರ್ಷ ಜುಲೈ ತಿಂಗಳ ಒಂದು ಭಾನುವಾರ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಮನೆಗೆ ಬಂದವನೇ ಮೊಬೈಲು ತೆಗೆದು ನನ್ನ ಮೂಗಿನ ಮುಂದೆ ಹಿಡಿದ.

“ಅಪ್ಪಾ, ನಿನಗೂ ಅಮ್ಮಂಗೂ ಗೋವಾ ಟ್ರಿಪ್ಪು. ವಿಮಾನ, ಹೋಟೆಲು ಎಲ್ಲಾ ಸೇರಿ ಮೂರು ರಾತ್ರಿ. ಪೂರಾ ಫ್ರೀ.”

ಅವನ ಹತ್ತಿರ 48,000 ಪಾಯಿಂಟುಗಳಿದ್ದವು. ಆಫೀಸಿನ ಕೆಲಸಕ್ಕೆಂದು ದೆಹಲಿ, ಪುಣೆಗೆ ವಿಮಾನದಲ್ಲಿ ಓಡಾಡಿ ಗಳಿಸಿದವು ಅರ್ಧ, ಕ್ರೆಡಿಟ್ ಕಾರ್ಡು ಉಜ್ಜಿ ಗಳಿಸಿದವು ಅರ್ಧ. ಡಿಸೆಂಬರ್ 31ಕ್ಕೆ ಅವುಗಳ ಆಯುಷ್ಯ ಮುಗಿಯುತ್ತಿತ್ತು. ವಿಮಾನ ಕಂಪೆನಿಯವರೇ ‘ರಜಾ ಕೊಡುಗೆ’ ಎಂದು ಈ ಪ್ರವಾಸವನ್ನು ತೋರಿಸುತ್ತಿದ್ದರು. ನನ್ನಾಕೆಯ ಮುಖ ಅರಳಿತು. ಅವಳು ವಿಮಾನ ಹತ್ತಿದವಳಲ್ಲ. ಮಗನಿಗೆ ಅದು ಕೆಲಸ ಸಿಕ್ಕ ಮೇಲೆ ಅಪ್ಪ ಅಮ್ಮನಿಗೆ ಕೊಡುವ ಮೊದಲ ದೊಡ್ಡ ಉಡುಗೊರೆ. ಇಂಥ ಹೊತ್ತಿನಲ್ಲಿ ಲೆಕ್ಕ ತೆಗೆಯಬಾರದು. ನಾನು ತೆಗೆದೆ.

ಈ ಪಾಯಿಂಟಿನ ವ್ಯಾಪಾರ ನಮ್ಮ ತಲೆಮಾರಿಗೆ ತೀರಾ ಹೊಸದೇನಲ್ಲ. 1987ರ ವಿಶ್ವಕಪ್ ಹೊತ್ತಿಗೆ ಬಬಲ್‌ಗಮ್ಮಿನ ಜೊತೆ ರನ್ನುಗಳ ಚೀಟಿ ಬರುತ್ತಿದ್ದುದು ಈಗಿನ ಅಪ್ಪಂದಿರಿಗೆ ನೆನಪಿರಬಹುದು. ಇಷ್ಟು ರನ್ನಿಗೆ ಇಂಥ ಬಹುಮಾನ. ರನ್ನಿನ ಆಸೆಗೆ ನಾನು ಅಗಿದ ಬಬಲ್‌ಗಮ್ಮಿನ ಖರ್ಚಿನಲ್ಲಿ ಆ ಬಹುಮಾನವನ್ನು ಅಂಗಡಿಯಲ್ಲೇ ಕೊಳ್ಳಬಹುದಿತ್ತು ಎಂದು ನನ್ನ ಅಪ್ಪ ಬೈದದ್ದುಂಟು. ವಿಮಾನದವರಲ್ಲಿ ಇದಕ್ಕೆ ದೊಡ್ಡ ರೂಪ ಕೊಟ್ಟದ್ದು ಅಮೆರಿಕನ್ ಏರ್‌ಲೈನ್ಸ್, 1981ರಲ್ಲಿ. ಹಾರಿದಷ್ಟು ಮೈಲಿ ಲೆಕ್ಕವಿಟ್ಟು, ಮತ್ತೆ ನಮ್ಮಲ್ಲಿಗೇ ಬರುವ ಗಿರಾಕಿಗೆ ಖಾಲಿ ಸೀಟು ಕೊಡುವ ಉಪಾಯ. ಆಮೇಲೆ ಬ್ಯಾಂಕುಗಳು ಬಂದವು. ವಿಮಾನ ಕಂಪೆನಿ ತನ್ನ ಪಾಯಿಂಟುಗಳನ್ನು ಬ್ಯಾಂಕಿಗೆ ಮಾರುತ್ತದೆ, ಬ್ಯಾಂಕು ಅವನ್ನು ಕಾರ್ಡು ಉಜ್ಜುವವರಿಗೆ ಹಂಚುತ್ತದೆ. ಈ ಆದಾಯ ಎಷ್ಟು ಗಟ್ಟಿಯೆಂದರೆ, ಕೊರೋನಾ ಕಾಲದಲ್ಲಿ ವಿಮಾನಗಳೆಲ್ಲ ನೆಲಕ್ಕಿಳಿದಿದ್ದಾಗ ಅಮೆರಿಕದ ಯುನೈಟೆಡ್ ಕಂಪೆನಿ ತನ್ನ ಪಾಯಿಂಟು ಯೋಜನೆಯನ್ನೇ ಅಡವಿಟ್ಟು ನೂರಾರು ಕೋಟಿ ಡಾಲರ್ ಸಾಲ ಎತ್ತಿತು.

ಜಾಣತನದಲ್ಲಿ ಕಂಪೆನಿಯನ್ನೇ ಮೀರಿಸಿದವರೂ ಇದ್ದಾರೆ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಡ್ ಫಿಲಿಪ್ಸ್ ಎಂಬ ಎಂಜಿನಿಯರ್, ಒಂದು ಆಹಾರ ಕಂಪೆನಿ ತನ್ನ ಪೊಟ್ಟಣಗಳ ಮೇಲೆ ಕೊಡುತ್ತಿದ್ದ ವಿಮಾನ ಮೈಲಿಗಳ ಬೆಲೆ, ಪೊಟ್ಟಣದೊಳಗಿನ ಪುಡ್ಡಿಂಗಿಗಿಂತ ಹೆಚ್ಚು ಎಂಬುದನ್ನು ಲೆಕ್ಕ ಹಾಕಿ ಕಂಡುಕೊಂಡ. ಸುಮಾರು 3,000 ಡಾಲರಿಗೆ 12,000ಕ್ಕೂ ಹೆಚ್ಚು ಬಟ್ಟಲು ಪುಡ್ಡಿಂಗ್ ಕೊಂಡು, ತಿನ್ನಲಾಗದ್ದನ್ನು ದಾನ ಕೊಟ್ಟು, ಹನ್ನೆರಡು ಲಕ್ಷಕ್ಕೂ ಮಿಕ್ಕಿ ಮೈಲಿ ಸಂಪಾದಿಸಿದ. ನಮ್ಮ ಹುಡುಗರು ಈ ಕಥೆ ಕೇಳಿ ಕುಣಿದಾಡುತ್ತಾರೆ. ಆದರೆ ಅವನು ಪುಡ್ಡಿಂಗ್ ಕೊಳ್ಳುವ ಮೊದಲು ಲೆಕ್ಕ ಹಾಕಿದ್ದ. ನಮ್ಮಲ್ಲಿ ಬಹಳ ಮಂದಿ ಕಾರ್ಡು ಉಜ್ಜಿದ ಮೇಲೆ ಹಾಕುತ್ತೇವೆ.

ಸರಿ, ನಮ್ಮ ಲೆಕ್ಕಕ್ಕೆ ಬರೋಣ. ಕೊಡುಗೆಗೆ 48,000 ಪಾಯಿಂಟು ಕೊಟ್ಟರೂ ತೆರಿಗೆ, ಶುಲ್ಕ ಎಂದು 6,400 ರೂಪಾಯಿ ಕೈಯಿಂದ ಕಟ್ಟಬೇಕಿತ್ತು. ಅದೇ ಪ್ರವಾಸಕ್ಕೆ ಕಂಪೆನಿ ತೋರಿಸಿದ ಬೆಲೆ 27,500 ರೂಪಾಯಿ. 6,400 ಕಳೆದರೆ ಉಳಿಯುವುದು 21,100. ಅದನ್ನು 48,000ದಿಂದ ಭಾಗಿಸಿದರೆ ಒಂದು ಪಾಯಿಂಟಿಗೆ 44 ಪೈಸೆ. “ನೋಡ್ದಾ?” ಎಂದ ಮಗ.

ನಾನು ಅದೇ ವಿಮಾನ, ಅದೇ ಹೋಟೆಲು, ಅದೇ ದಿನಾಂಕ ಹಾಕಿ ಬೇರೆ ಬೇರೆಯಾಗಿ ಹುಡುಕಿಸಿದೆ. ಒಟ್ಟು 20,800ಕ್ಕೆ ಸಿಕ್ಕಿತು. ಈಗ ಪಾಯಿಂಟಿನ ಬೆಲೆ 30 ಪೈಸೆಗೆ ಇಳಿಯಿತು. ಕೊಡುಗೆಯ ಪಕ್ಕದಲ್ಲಿ ಗೀಟು ಎಳೆದು ತೋರಿಸುವ ‘ಮೂಲ ಬೆಲೆ’ಯನ್ನು ನಂಬಬೇಡಿ, ಪೇಟೆಯಲ್ಲಿ ಅದೇ ಮಾಲು ಎಷ್ಟಕ್ಕೆ ಸಿಗುತ್ತದೆ ಎಂದು ನೋಡಿ. ಸಂತೆಯಲ್ಲಿ ಟೊಮೆಟೊ ಕೊಳ್ಳುವಾಗ ನಾವೆಲ್ಲ ಮಾಡುವ ಕೆಲಸವೇ ಇದು, ಮೊಬೈಲಿನ ಮುಂದೆ ಮರೆಯುತ್ತೇವೆ.

ಮರುದಿನ ಹತ್ತನೆಯ ತರಗತಿಯಲ್ಲಿ ಇದನ್ನೇ ಹಲಗೆಯ ಮೇಲೆ ಬರೆದೆ. ಹೆಸರು ಹೇಳಲಿಲ್ಲ, ‘ಒಬ್ಬ ಮೇಷ್ಟ್ರು’ ಎಂದೆ. ಮಕ್ಕಳು ಚಕಚಕನೆ 30 ಪೈಸೆ ತಂದರು. ಕಡೆಯ ಬೆಂಚಿನ ಹುಡುಗಿಯೊಬ್ಬಳು ಪೆನ್ನು ಕಚ್ಚುತ್ತ ಕುಳಿತಿದ್ದವಳು ಕೇಳಿದಳು: “ಸಾರ್, ಪಾಯಿಂಟು ಇಲ್ದೇ ಇದ್ದಿದ್ರೆ ಆ ಮೇಷ್ಟ್ರು ಗೋವಾಕ್ಕೆ ಹೆಂಗೆ ಹೋಗ್ತಿದ್ರು?”

ಇಪ್ಪತ್ತೈದು ವರ್ಷ ಪಾಠ ಮಾಡಿದವನಿಗೆ ಆ ಪ್ರಶ್ನೆ ಹೊಳೆದಿರಲಿಲ್ಲ.

ಹೇಗೆ ಹೋಗುತ್ತಿದ್ದೆ? ಬಸ್ಸಿನಲ್ಲಿ. ಬೆಂಗಳೂರಿನಿಂದ ಹುಬ್ಬಳ್ಳಿಯ ಮೇಲೆ ಗೋವಾಕ್ಕೆ ಹೋಗುವ ರಾತ್ರಿ ಬಸ್ಸುಗಳು ನಮ್ಮ ಊರಿನ ಮುಂದೆಯೇ ಹಾಯುತ್ತವೆ. ಇಬ್ಬರಿಗೆ ಹೋಗಿಬರಲು 4,500, ಮೂರು ರಾತ್ರಿಗೆ ಸಾಧಾರಣ ಲಾಡ್ಜು 4,500, ಒಟ್ಟು 9,000. ಕೊಡುಗೆಯ ಹೋಟೆಲಿನಲ್ಲಿ ಈಜುಕೊಳವಿತ್ತು, ನಿಜ. ನಮ್ಮಿಬ್ಬರಿಗೂ ಈಜಲು ಬಾರದು.

ಇನ್ನು ವಿಮಾನ ಹತ್ತಬೇಕಾದರೆ ಮೊದಲು ವಿಮಾನ ನಿಲ್ದಾಣ ಮುಟ್ಟಬೇಕು. 2008ರ ಮೇ ತಿಂಗಳಲ್ಲಿ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ದೇವನಹಳ್ಳಿಗೆ ವಿಮಾನಗಳು ಸ್ಥಳಾಂತರವಾದ ಮೇಲೆ ನಮ್ಮ ಕಡೆಯವರು ದಾಬಸ್‌ಪೇಟೆ, ದೊಡ್ಡಬಳ್ಳಾಪುರದ ಮೇಲೆ ಹೋಗುತ್ತಾರೆ. ಬೆಂಗಳೂರಿನ ಗದ್ದಲ ತಪ್ಪುತ್ತದೆ, ಆದರೆ ನಸುಕಿನ ವಿಮಾನಕ್ಕೆ ಟ್ಯಾಕ್ಸಿಯೇ ಗತಿ. ಹೋಗಲು 2,500, ಬರಲು 2,500. ಅಂದರೆ ‘ಪೂರಾ ಫ್ರೀ’ ಪ್ರವಾಸಕ್ಕೆ ಕೈಯಿಂದ ಹೋಗುವುದು 6,400 ಮತ್ತು 5,000, ಒಟ್ಟು 11,400. ದುಡ್ಡು ಕೊಟ್ಟು ಬಸ್ಸಿನಲ್ಲಿ ಹೋದರೆ 9,000. ಬಿಟ್ಟಿ ಪ್ರವಾಸ 2,400 ರೂಪಾಯಿ ದುಬಾರಿ! ಒಂದೇ ಪಾಯಿಂಟು ಕಂಪೆನಿಯ ಲೆಕ್ಕದಲ್ಲಿ 44 ಪೈಸೆ, ಪೇಟೆಯ ಲೆಕ್ಕದಲ್ಲಿ 30 ಪೈಸೆ, ಕ್ಯಾತ್ಸಂದ್ರದ ಲೆಕ್ಕದಲ್ಲಿ ಮೈನಸ್ 5 ಪೈಸೆ. ಯಲಹಂಕದಲ್ಲಿ ಮನೆಯಿದ್ದು, ಹೇಗೂ ವಿಮಾನದಲ್ಲೇ ಹೋಗಿ ಅದೇ ಹೋಟೆಲಿನಲ್ಲಿ ಇಳಿಯುವವರಿಗೆ 30 ಪೈಸೆ ಸರಿಯಾದ ಬೆಲೆ, ಅದರಲ್ಲಿ ಮೋಸವಿಲ್ಲ.

ಒಂದು ರೂಪಾಯಿ ಟಿಕೇಟಿನ ಕಾಲ ನೆನಪಾಯಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಸಾಮಾನ್ಯರೂ ವಿಮಾನ ಹತ್ತಬಹುದು ಎಂದು ತೋರಿಸಿಕೊಟ್ಟರು. ಅವರ ಒಂದು ರೂಪಾಯಿ ಟಿಕೇಟಿಗೂ ತೆರಿಗೆ ಬೇರೆ ಇತ್ತು, ಸೀಟುಗಳು ಕೆಲವೇ ಇದ್ದವು. ಆದರೆ ಉಳಿದ ಟಿಕೇಟುಗಳೂ ಆಗಿನ ಬೇರೆ ಕಂಪೆನಿಗಳಿಗಿಂತ ಅಗ್ಗವಾಗಿದ್ದವು ಎಂಬುದನ್ನು ಮರೆಯಬಾರದು. ಬಿಟ್ಟಿ ಎಂದರೆ ನಿಜಕ್ಕೂ ಬಿಟ್ಟಿಯಾಗಿರುವ ಟಿಕೇಟು ನನ್ನಾಕೆಯ ಪರ್ಸಿನಲ್ಲಿದೆ: 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಶೂನ್ಯ ಟಿಕೇಟು. ಅದಕ್ಕೆ ಪಾಯಿಂಟಿಲ್ಲ, ಕೊನೆಯ ದಿನಾಂಕವಿಲ್ಲ. ಸೀಟು ಸಿಗುತ್ತದೆ ಎಂಬ ಭರವಸೆಯೂ ಇಲ್ಲ ಅನ್ನಿ.

ಶನಿವಾರ ಮಗ ಬಂದಾಗ ಲೆಕ್ಕದ ಹಾಳೆ ಮುಂದಿಟ್ಟೆ. ಹುಡುಗನ ಮುಖ ಸಪ್ಪಗಾಯಿತು. “ನಿನಗೆ ಬೇಡ ಅಂದ್ರೆ ಬೇಡ ಅನ್ನು ಅಪ್ಪಾ, ಪೈಸೆ ಲೆಕ್ಕ ಯಾಕೆ?” ಎಂದು ಎದ್ದು ಹೊರಗೆ ಹೋದ. ಉಡುಗೊರೆಯನ್ನು ತಕ್ಕಡಿಯಲ್ಲಿ ತೂಗಿದ ತಪ್ಪು ನನ್ನದು, ಒಪ್ಪುತ್ತೇನೆ. ಆಗ ನನ್ನಾಕೆ ಒಳಗಿನಿಂದ ಬಂದು ಹೇಳಿದಳು: “ಅಲ್ರೀ, ಅತ್ತೆ ಕಾಶಿ ಕಾಶಿ ಅಂತಿದಾರಲ್ಲ. ಆ ಪಾಯಿಂಟು ಅದಕ್ಕೆ ಆಗಲ್ವಾ?”

ನನ್ನ ತಾಯಿಗೆ ಎಪ್ಪತ್ತಾರು ವರ್ಷ. ಕಾಶಿಗೆ ಕರೆದೊಯ್ಯುತ್ತೇನೆಂದು ನಾನು ಮಾತು ಕೊಟ್ಟು ಹತ್ತು ವರ್ಷವಾಗಿತ್ತು. ಮೊದಲು ಮಗನ ಓದು, ಆಮೇಲೆ ಮಗಳ ಓದು, ಆಮೇಲೆ ಕೊರೋನಾ. 2022ರ ನವೆಂಬರ್‌ನಲ್ಲಿ ‘ಕಾಶಿ ದರ್ಶನ’ ರೈಲು ಹೊರಟಾಗ, ತಲೆಗೆ 20,000 ರೂಪಾಯಿಯಲ್ಲಿ 5,000 ರಾಜ್ಯ ಸರ್ಕಾರದ ಸಹಾಯಧನ ಎಂದು ಪತ್ರಿಕೆಯಲ್ಲಿ ಓದಿ ಆಸೆಪಟ್ಟಿದ್ದೆವು. ಅಷ್ಟರಲ್ಲಿ ಅಮ್ಮನ ಮಂಡಿ ಕೈಕೊಟ್ಟಿತ್ತು. ಹೋಗುತ್ತ ಎರಡು ರಾತ್ರಿ, ಬರುತ್ತ ಎರಡು ರಾತ್ರಿ ರೈಲಿನಲ್ಲಿ ಆಗದು ಎಂದರು ಡಾಕ್ಟರು. ವಿಮಾನವೊಂದೇ ದಾರಿ ಎಂದು ಅಂದೇ ತೀರ್ಮಾನವಾಗಿತ್ತು, ದುಡ್ಡು ಕೂಡಿಬಂದಿರಲಿಲ್ಲ.

ದಸರೆ ರಜೆಯ ದಿನಾಂಕ ಹಾಕಿ ನೋಡಿದೆವು. ಬೆಂಗಳೂರಿನಿಂದ ವಾರಾಣಸಿಗೆ ಒಬ್ಬರಿಗೆ ಒಂದು ಕಡೆಗೆ 8,200 ರೂಪಾಯಿ. ಪಾಯಿಂಟಿನಲ್ಲಾದರೆ 12,000 ಪಾಯಿಂಟು, ಜೊತೆಗೆ 900 ರೂಪಾಯಿ ತೆರಿಗೆ. ಅಂದರೆ 7,300 ಉಳಿತಾಯ, ಪಾಯಿಂಟಿಗೆ 61 ಪೈಸೆ. ನನಗೂ ಅಮ್ಮನಿಗೂ ಹೋಗಿಬರಲು ನಾಲ್ಕು ಟಿಕೇಟು, ಸರಿಯಾಗಿ 48,000. ಇಲ್ಲಿ ಕಡೆಯ ಬೆಂಚಿನ ಹುಡುಗಿಯ ಪ್ರಶ್ನೆ ಕೇಳಿದರೂ ಬೆಲೆ ಇಳಿಯುವುದಿಲ್ಲ, ಯಾಕೆಂದರೆ ದುಡ್ಡು ಕೊಟ್ಟು ಹೋಗುವುದಾದರೂ ನಾವು ವಿಮಾನದಲ್ಲೇ ಹೋಗಬೇಕಿತ್ತು. ಟ್ಯಾಕ್ಸಿಯ ಖರ್ಚೂ ಎರಡೂ ಕಡೆ ಒಂದೇ. ಪಾಯಿಂಟನ್ನು ಹೋಟೆಲು, ಸೂಟ್‌ಕೇಸು, ಮಿಕ್ಸಿಗಳಿಗೆ ಬದಲಿಸುವುದಕ್ಕಿಂತ ವಿಮಾನದ ಸೀಟಿಗೆ ಬದಲಿಸಿದರೆ ಸಾಮಾನ್ಯವಾಗಿ ಹೆಚ್ಚು ಬೆಲೆ ಸಿಗುತ್ತದೆ. ಅದರಲ್ಲೂ ರಜೆಯ ದಿನಗಳಲ್ಲಿ, ಟಿಕೇಟಿನ ಬೆಲೆ ಏರಿದಾಗ. ತೊಂದರೆಯೆಂದರೆ ಆ ದಿನಗಳಲ್ಲೇ ಪಾಯಿಂಟಿಗೆ ಸೀಟು ಸಿಗುವುದು ಕಷ್ಟ. ನಮ್ಮ ಅದೃಷ್ಟಕ್ಕೆ ಮಂಗಳವಾರ ಹೋಗಿ ಮುಂದಿನ ಬುಧವಾರ ಬರುವಂತೆ ನಾಲ್ಕೂ ಕಾಣಿಸುತ್ತಿದ್ದವು.

ಆಗಲೇ ಗುಂಡಿ ಒತ್ತಬೇಕಿತ್ತು. ಒತ್ತಲಿಲ್ಲ. ಅಕ್ಟೋಬರಿನ ಮಳೆ ಹೇಗೋ, ನವೆಂಬರಿನಲ್ಲಿ ಟಿಕೇಟು ಇನ್ನೂ ಅಗ್ಗವೋ, ರದ್ದು ಮಾಡಿದರೆ ಪಾಯಿಂಟು ವಾಪಸು ಬರುತ್ತದೋ, ಹೀಗೆ ಒಂದೊಂದೇ ಕೋಷ್ಟಕ ಬರೆಯುತ್ತ ಮೂರು ವಾರ ಕಳೆದೆ. ಆಗಸ್ಟ್ ನಡುವಿನಲ್ಲಿ ಕಂಪೆನಿಯಿಂದ ನಯವಾದ ಭಾಷೆಯಲ್ಲಿ ಒಂದು ಪತ್ರ ಬಂತು: ಸದಸ್ಯರ ಅನುಕೂಲಕ್ಕಾಗಿ ಪಾಯಿಂಟುಗಳ ಪಟ್ಟಿಯನ್ನು ಪರಿಷ್ಕರಿಸಲಾಗಿದೆ. 12,000 ಇದ್ದದ್ದು 15,000 ಆಗಿತ್ತು. ನಾಲ್ಕು ಟಿಕೇಟಿನ ಜಾಗದಲ್ಲಿ ಮೂರು. ಗಣಿತದ ಮೇಷ್ಟ್ರ ಮೂರು ವಾರದ ಲೆಕ್ಕಕ್ಕೆ ಬಿದ್ದ ದಂಡ 7,300 ರೂಪಾಯಿ.

ಇದು ಅಕ್ರಮವೇನಲ್ಲ. ಸದಸ್ಯರಾಗುವಾಗ ನಾವು ಓದದೆ ಒಪ್ಪಿಕೊಳ್ಳುವ ಷರತ್ತುಗಳಲ್ಲಿ, ಪಟ್ಟಿ ಬದಲಿಸುವ ಹಕ್ಕು ಕಂಪೆನಿಯದು ಎಂದು ಬರೆದೇ ಇರುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ನಿಧಾನವಾಗಿಯಾದರೂ ಬೆಳೆಯುತ್ತದೆ, ಪಾಯಿಂಟು ಇಟ್ಟಲ್ಲೇ ಸವೆಯುತ್ತದೆ. ಕೆಲವೊಮ್ಮೆ ಒಮ್ಮೆಗೇ ಮುಳುಗುತ್ತದೆ. 2005ರಲ್ಲಿ ವೈಭವವಾಗಿ ಹೊರಟ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. ಅದರ ಸದಸ್ಯರ ಖಾತೆಗಳಲ್ಲಿದ್ದ ಮೈಲಿಗಳು ಬರೀ ಅಂಕಿಗಳಾಗಿ ಉಳಿದವು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ ಹಾಗಾಗಲಿಲ್ಲ. ಅದರ ಪಾಯಿಂಟುಗಳನ್ನು ನಡೆಸುತ್ತಿದ್ದುದು ಪ್ರತ್ಯೇಕ ಕಂಪೆನಿಯಾದ್ದರಿಂದ ಅವನ್ನು ಬೇರೆ ಕಡೆ ಬಳಸಲು ದಾರಿಯಿತ್ತು. 2024ರ ನವೆಂಬರ್‌ನಲ್ಲಿ ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಸದಸ್ಯರ ಪಾಯಿಂಟುಗಳು ಅಲ್ಲಿಗೆ ವರ್ಗವಾದವು. ಅಂತೂ ಬರುವ ವರ್ಷ ನೋಡೋಣ ಎಂದು ಕೂಡಿಡುವ ಪದಾರ್ಥ ಇದಲ್ಲ.

ಕಾಲೇಜು ಮುಗಿಸಿ ಮೊದಲ ಸಂಬಳಕ್ಕೆ ಕಾಯುತ್ತಿರುವ ಮಕ್ಕಳಿಗೆ ಇನ್ನೊಂದು ಮಾತು, ಇದು ಮಗನ ಕಾರ್ಡಿನ ಚೀಟಿ ನೋಡಿ ನಾನು ಕಲಿತದ್ದು. ಬೋನಸ್ ಪಾಯಿಂಟು ಸಿಗುತ್ತದೆಂದು ಅವನು ಒಮ್ಮೆ 20,000 ರೂಪಾಯಿಯ ಮೊಬೈಲು ಕೊಂಡು ಒಂದು ತಿಂಗಳು ಬಾಕಿ ಉಳಿಸಿಕೊಂಡಿದ್ದ. ನೂರು ರೂಪಾಯಿಗೆ ಎರಡರಂತೆ ಬಂದ ಪಾಯಿಂಟು 400, ಮೂವತ್ತು ಪೈಸೆಯಂತೆ 120 ರೂಪಾಯಿ. ಬಾಕಿಯ ಮೇಲೆ ತಿಂಗಳಿಗೆ ಶೇಕಡಾ ಮೂರೂವರೆಯಂತೆ ಬಿದ್ದ ಬಡ್ಡಿ 700. ಪ್ರತಿ ತಿಂಗಳೂ ಪೂರ್ತಿ ಬಾಕಿ ತೀರಿಸುವವರಿಗೆ ಮಾತ್ರ ಈ ಪಾಯಿಂಟುಗಳು ಲಾಭ. ಉಳಿದವರ ಬಡ್ಡಿಯಲ್ಲಿ ಅವರ ಪ್ರವಾಸದ ಖರ್ಚು ಸ್ವಲ್ಪ ಏಳುತ್ತದೆ ಎಂದರೂ ತಪ್ಪಲ್ಲ.

ಮೂರು ಟಿಕೇಟು ಪಾಯಿಂಟಿನಲ್ಲಿ, ನಾಲ್ಕನೆಯದು ದುಡ್ಡಿನಲ್ಲಿ ಅಂದೇ ಮಾಡಿಸಿದೆವು. ಈಗ ಪಾಯಿಂಟಿಗೆ 49 ಪೈಸೆ, ಆದರೂ ಗೋವಾಕ್ಕಿಂತ ಮೇಲು. ಮಗನೇ ಅಜ್ಜಿಗೆ ಗಾಲಿಕುರ್ಚಿ ಬರೆಸಿದ. ಅದಕ್ಕೆ ಶುಲ್ಕವಿರಲಿಲ್ಲ, ಮೊದಲೇ ತಿಳಿಸಬೇಕು ಅಷ್ಟೆ. ಅಜ್ಜಿ “ನನ್ನ ಮೊಮ್ಮಗನ ಮೈಲಿಗಲ್ಲಲ್ಲಿ ಹೋಗ್ತಿದೀನಿ” ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಾಗ ಅವನ ಮುನಿಸು ಇಳಿಯಿತು.

ಬಾಬತ್‌ಪುರದ ನಿಲ್ದಾಣದಿಂದ ಊರೊಳಗೆ ಬಂದು ಜಂಗಮವಾಡಿ ಮಠದಲ್ಲಿ ಇಳಿದೆವು. ಅಲ್ಲಿ ಕನ್ನಡ ಕೇಳಿದೊಡನೆ ಅಮ್ಮನಿಗೆ ಅರ್ಧ ಆಯಾಸ ಇಳಿಯಿತು. ಘಟ್ಟದ ಮೆಟ್ಟಿಲುಗಳನ್ನು ಅವಳು ಇಳಿಯಲಾರಳು. ದಶಾಶ್ವಮೇಧದಲ್ಲಿ ಮೇಲಿನ ಮೆಟ್ಟಿಲಿನಲ್ಲೇ ಕೂರಿಸಿದೆ. ಒಬ್ಬ ದೋಣಿಯ ಹುಡುಗ ಚೊಂಬಿನಲ್ಲಿ ನೀರು ತಂದುಕೊಟ್ಟ. ಅದನ್ನು ತಲೆಗೆ ಸುರಿದುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕುಳಿತಿದ್ದಳು. ಏನು ಬೇಡಿಕೊಂಡೆ ಎಂದು ನಾನು ಕೇಳಲಿಲ್ಲ.

ಹಿಂದಿರುಗುವ ವಿಮಾನ ತಡವಾಗಿ ದೇವನಹಳ್ಳಿಯಲ್ಲಿ ಇಳಿದಾಗ ನಡುರಾತ್ರಿ ಮೀರಿತ್ತು. ನಿಲ್ದಾಣದಲ್ಲೇ ಒರಗಿ ಕುಳಿತಿದ್ದು ನಸುಕಿಗೆ ಟ್ಯಾಕ್ಸಿ ಹಿಡಿದೆವು. ದಾಬಸ್‌ಪೇಟೆಯಲ್ಲಿ ಹೆದ್ದಾರಿ ಸೇರುವಾಗ ಮಂಜು ಮುಸುಕಿತ್ತು. ಕ್ಯಾತ್ಸಂದ್ರದಲ್ಲಿ ಇಳಿದಾಗ ಮೊದಲ ಪಾತ್ರೆಯ ಇಡ್ಲಿ ಇಳಿಸುತ್ತಿದ್ದರು. ಹೋಟೆಲಿನವರು “ಏನ್ ಮೇಷ್ಟ್ರೇ, ಫ್ರೀ ಟಿಕೇಟಲ್ಲಿ ಕಾಶಿ ಆಯ್ತಂತೆ!” ಎಂದು ಮಾತಾಡಿಸಿದರು. ಸುದ್ದಿ ನಮಗಿಂತ ಮೊದಲೇ ಬಂದಿತ್ತು.

ಅಮ್ಮ ಬೆಣ್ಣೆಯನ್ನು ಇಡ್ಲಿಯ ಮೇಲೆ ಸವರುತ್ತ ಕೇಳಿದಳು: “ಫ್ರೀ ಟಿಕೇಟಿಗೆ ಒಟ್ಟು ಎಷ್ಟಾಯ್ತೋ?”

ಮೂರು ಟಿಕೇಟಿನ ತೆರಿಗೆ 2,700, ನಾಲ್ಕನೆಯದು 8,200, ಟ್ಯಾಕ್ಸಿ 5,000. “15,900 ಅಮ್ಮ” ಎಂದೆ.

“ಮತ್ತೆ ಫ್ರೀ ಯಾವುದು?”

ಹೋಟೆಲಿನವರು ನಕ್ಕು ಅವಳ ತಟ್ಟೆಗೆ ಇನ್ನೊಂದು ಸೌಟು ಚಟ್ನಿ ಹಾಕಿದರು.

ಮಗನ ಖಾತೆಯಲ್ಲಿ ಉಳಿದಿದ್ದ 3,000 ಪಾಯಿಂಟಿಗೆ ಕಂಪೆನಿ ಒಂದು ಚರ್ಮದ ಪರ್ಸು ತೋರಿಸುತ್ತಿತ್ತು. ಕೊಳ್ಳುವುದೋ ಬೇಡವೋ ಎನ್ನುವಷ್ಟರಲ್ಲಿ ಡಿಸೆಂಬರ್ 31 ದಾಟಿತು. ಜನವರಿಯ ಎರಡನೆಯ ಶನಿವಾರಕ್ಕೆ ಹಿಂದಿನ ರಾತ್ರಿ ಹೊರಡುವ ಗೋವಾ ಬಸ್ಸಿಗೆ ನಾನು ದುಡ್ಡು ಕೊಟ್ಟು ಎರಡು ಸೀಟು ಮಾಡಿಸಿದೆ. ನನ್ನಾಕೆ ಕಿಟಕಿಯ ಪಕ್ಕದ್ದೇ ಬೇಕೆಂದಳು. ಬಸ್ಸು ಟೋಲ್ ಗೇಟು ದಾಟಿ ನಮ್ಮನ್ನು ಹತ್ತಿಸಿಕೊಂಡಾಗ ರಾತ್ರಿ ಹತ್ತೂಕಾಲು. ಮನೆಯಿಂದ ಅಲ್ಲಿಗೆ ನಡೆದೇ ಹೋಗಿದ್ದೆವು.